ಕಾಫಿ ಪುಡಿ: ಸ್ಟೀಲ್ ಡಬ್ಬಿಯಾ, ಫ್ರಿಜ್ಜಾ?

ಒಂದೇ ಸಲ ಅರ್ಧ ಕೆಜಿ ಪುಡಿ ಮಾಡಿಸಿ ತರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ, ಅಲ್ವಾ? ನನ್ನ ಓಟು ಡಬ್ಬಿಗೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಬೆಳಕು ಹೋಗುವುದಿಲ್ಲ, ಒಲೆಯಿಂದ ದೂರ ಇಟ್ಟರೆ ಬಿಸಿಯೂ ತಾಗುವುದಿಲ್ಲ. ಆದರೆ ಡಬ್ಬಿ ದೊಡ್ಡದಿದ್ದು ಪುಡಿ ತಳದಲ್ಲಿ ಮಾತ್ರ ಉಳಿದಿದ್ದರೆ ಮಿಕ್ಕ ಜಾಗವೆಲ್ಲ ಗಾಳಿಯೇ, ಘಮ ಬೇಗ ಹೋಗುತ್ತದೆ. ಆಗ ಚಿಕ್ಕ ಡಬ್ಬಿಗೆ ಸುರಿದುಬಿಡಿ.

ಫ್ರಿಜ್? ದಿನಾ ತೆಗೆಯುವ ಪುಡಿಗೆ ಬೇಡ. ತಣ್ಣಗಿನ ಡಬ್ಬಿಯ ಮುಚ್ಚಳ ತೆರೆದ ಕೂಡಲೇ ಹೊರಗಿನ ತೇವ ಒಳಗೆ ಕೂರುತ್ತದೆ, ಚಿಕೋರಿ ಬೆರೆಸಿದ್ದರಂತೂ ಅದು ತೇವ ಹೀರಿಕೊಂಡು ಪುಡಿ ಗಂಟು ಕಟ್ಟುತ್ತದೆ. ನಾನೊಮ್ಮೆ ಹೆಚ್ಚಿಟ್ಟ ಈರುಳ್ಳಿ ಪಕ್ಕದಲ್ಲೇ ಇಟ್ಟಿದ್ದೆ. ಬೆಳಿಗ್ಗೆ ಡಿಕಾಕ್ಷನ್ ತುಂಬ ಈರುಳ್ಳಿ ವಾಸನೆ!

ಫ್ರೀಜರ್ ಕಥೆ ಬೇರೆ. ಊರಿಂದ ಅಮೆರಿಕಕ್ಕೆ 2 ಕೆಜಿ ಹೊತ್ತೊಯ್ಯುವವರಿಗೆ ಅದೇ ಸರಿ. 100 ಗ್ರಾಂ ಪೊಟ್ಟಣಗಳಾಗಿ ಮಾಡಿ, ಗಾಳಿ ಹಿಂಡಿ ಮುಚ್ಚಿ, ಬೇಕಾದಾಗ ಒಂದನ್ನೇ ಹೊರಗಿಟ್ಟು, ಅದರ ತಂಪು ಪೂರ್ತಿ ಹೋದ ಮೇಲೆ ಒಡೆಯಿರಿ. ಮತ್ತೆ ಒಳಗಿಡಬೇಡಿ.

ಮನೆಯಲ್ಲೇ ಪುಡಿ ಮಾಡುವ ತಾಳ್ಮೆ ಇದ್ದರೆ ಬೀಜ ತನ್ನಿ, ಪುಡಿಗಿಂತ ಜಾಸ್ತಿ ದಿನ ಘಮ ಹಿಡಿದಿಡುತ್ತದೆ.