ಮುಖದ ನರದ ನೋವಿಗೆ ಕಾಂತ ಚಿಕಿತ್ಸೆ: ಮೈಸೂರಿನ ಕೇಂದ್ರವೊಂದರಲ್ಲಿ 10 ದಿನ

ನನ್ನ ಬಲಗೆನ್ನೆಯ ನೋವನ್ನು ಮೊದಲು ಎಲ್ಲರೂ ಹಲ್ಲುನೋವೆಂದೇ ತಿಳಿದೆವು. ಎರಡು ದವಡೆ ಹಲ್ಲು ಕೀಳಿಸಿದ ಮೇಲೂ ಮುಖಕ್ಕೆ ನೀರು ಸೋಕಿದರೆ, ಗಾಳಿ ತಾಗಿದರೆ ಕರೆಂಟ್ ಹೊಡೆದಂತಾಗುವುದು ನಿಲ್ಲದಿದ್ದಾಗ, ಇದು ಟ್ರೈಜೆಮಿನಲ್ ಎಂಬ ಮುಖದ ನರದ ನೋವೆಂದು ನರರೋಗ ತಜ್ಞರು ಹೇಳಿದರು. ಅಗಿಯುವುದು ಕಷ್ಟವಾದ್ದರಿಂದ, ನುಂಗಿ ಉಣ್ಣುವ ರಾಗಿಮುದ್ದೆಯೇ ನನಗೆ ಎರಡು ಹೊತ್ತಿನ ಊಟವಾಯಿತು. ಈ ನೋವಿಗೆ ಮೊದಲು ಕೊಡುವ ಕಾರ್ಬಮಜೆಪಿನ್ ಮಾತ್ರೆ ನನಗೂ ಗುಣ ಕೊಟ್ಟಿತು. ಆದರೆ ಪ್ರಮಾಣ ಹೆಚ್ಚಿಸಿದಂತೆ ತಲೆಸುತ್ತು ಬಂದು, ರಕ್ತದಲ್ಲಿ ಸೋಡಿಯಂ ಇಳಿಯಿತು. ಎಂಆರ್‌ಐ ಚಿತ್ರದಲ್ಲಿ ನರವನ್ನು ಒತ್ತುವ ರಕ್ತನಾಳ ಕಾಣಲಿಲ್ಲವಾದ್ದರಿಂದ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸಲಿಲ್ಲ. ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಮುಂದುವರಿಸಿಕೊಂಡೇ ಆರ್‌ಟಿಎಂಎಸ್ ಎಂಬ ಕಾಂತ ಚಿಕಿತ್ಸೆಯನ್ನು ಪ್ರಯತ್ನಿಸಿ ನೋಡಬಹುದೆಂದರು.

ಹೀಗೆ ಮಂಡ್ಯದಿಂದ ಮೈಸೂರಿನ ಖಾಸಗಿ ಕೇಂದ್ರವೊಂದಕ್ಕೆ, ಸೋಮವಾರದಿಂದ ಶುಕ್ರವಾರದವರೆಗೆ, ಎರಡು ವಾರ ರೈಲಿನಲ್ಲಿ ಓಡಾಡಿದೆ. ಶ್ರೀರಂಗಪಟ್ಟಣದ ಬಳಿ ರೈಲು ಕಾವೇರಿ ದಾಟುವಾಗ ಬೀಸುವ ಗಾಳಿಗೆ ಹೆದರಿ, ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಕಿಟಕಿಯಿಂದ ದೂರ ಕುಳಿತುಕೊಳ್ಳುತ್ತಿದ್ದೆ.

ಮೊದಲ ದಿನ ವೈದ್ಯರು ಕೇಳಿದ ಪ್ರಶ್ನೆಗಳಲ್ಲಿ ಒಂದೂ ವ್ಯರ್ಥವಲ್ಲ: ತಲೆಯೊಳಗೆ ಲೋಹದ ಕ್ಲಿಪ್ ಇದೆಯೇ, ಕಿವಿಯೊಳಗೆ ಅಥವಾ ಎದೆಯಲ್ಲಿ ಯಂತ್ರ ಅಳವಡಿಸಿದ್ದಾರೆಯೇ, ಎಂದಾದರೂ ಮೂರ್ಛೆ ಬಂದಿತ್ತೇ ಎಂದು ಕೇಳಿದರು. ಈ ಚಿಕಿತ್ಸೆಯಲ್ಲಿ ಫಿಟ್ಸ್ ಬರುವುದು ತೀರಾ ಅಪರೂಪವಾದರೂ ಆ ಸಾಧ್ಯತೆಯನ್ನು ಮುಚ್ಚಿಡಲಿಲ್ಲ. ಆಮೇಲೆ ತಂತ್ರಜ್ಞೆ, "ಅಮ್ಮ, ಓಲೆ, ಮೂಗುಬೊಟ್ಟು, ಹೇರ್‌ಪಿನ್ ಎಲ್ಲ ತೆಗೆದುಬಿಡಿ" ಎಂದರು. ಮೂಗಿನ ಬಲಬದಿಯನ್ನು ಮುಟ್ಟುವುದೇ ನನಗೆ ಯಾತನೆಯಾಗಿದ್ದರಿಂದ ಮೂಗುಬೊಟ್ಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಆ ಹುಡುಗಿ ಒಮ್ಮೆಯೂ ಅವಸರಪಡಿಸಲಿಲ್ಲ.

ನೋವು ಬಲಕ್ಕಿದ್ದರೆ ಚಿಕಿತ್ಸೆ ತಲೆಯ ಎಡಭಾಗಕ್ಕೆ. ಎರಡು ದೊಡ್ಡ ಬಳೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಂತೆ ಕಾಣುವ ಸುರುಳಿಯನ್ನು, ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗದ ಮೇಲೆ ಬರುವಂತೆ ತಲೆಗೆ ಹಿಡಿಯುತ್ತಾರೆ. ಅದರಲ್ಲಿ ಕ್ಷಣಮಾತ್ರ ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರ ತಲೆಬುರುಡೆಯನ್ನು ದಾಟಿ ಮೆದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಎಬ್ಬಿಸುತ್ತದೆ. ಕುಯ್ಯುವುದೂ ಇಲ್ಲ, ಅರಿವಳಿಕೆಯೂ ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಅವರ ಸಂಗಡಿಗರು 1985ರಲ್ಲಿ ತೋರಿಸಿಕೊಟ್ಟ ವಿಧಾನವಿದು. ನರದ ಹಾನಿಯಿಂದ ಬರುವ ದೀರ್ಘಕಾಲದ ನೋವಿಗೆ, ನೋವಿನ ಎದುರು ಬದಿಯ ಚಲನಾ ಕೇಂದ್ರವನ್ನು ವೇಗದ ಮಿಡಿತಗಳಿಂದ ಪ್ರಚೋದಿಸುವುದಕ್ಕೆ, ಯುರೋಪಿನ ತಜ್ಞರು 2014 ಮತ್ತು 2020ರ ಮಾರ್ಗಸೂಚಿಗಳಲ್ಲಿ ಅತ್ಯುನ್ನತ ದರ್ಜೆಯ ಪುರಾವೆಯಿದೆ ಎಂದಿದ್ದಾರೆ. ಮುಖದ ನೋವಿನ ಎಲ್ಲ ಬಗೆಗಳಿಗೂ ಈ ಮಾತನ್ನು ಹಾಗೆಯೇ ಅನ್ವಯಿಸಲಾಗದು ಎಂದು ನನ್ನ ವೈದ್ಯರು ಮೊದಲೇ ಎಚ್ಚರಿಸಿದ್ದರು.

ಈ ಕೇಂದ್ರದಲ್ಲಿ ನಾನು ಮನಸಾರೆ ಮೆಚ್ಚಿದ್ದು ಅಳತೆಯ ಶ್ರದ್ಧೆಯನ್ನು. ನನ್ನ ಬಲಗೈ ಹೆಬ್ಬೆರಳು 10 ಸಲದಲ್ಲಿ 5 ಸಲವಾದರೂ ಅದುರಲು ಬೇಕಾದ ಮಿಡಿತದ ಕನಿಷ್ಠ ಬಲವನ್ನು ಮೊದಲು ಗುರುತಿಸಿ, ಚಿಕಿತ್ಸೆಗೆ ಅದಕ್ಕಿಂತ ತುಸು ಕಡಿಮೆ ಬಲವನ್ನು ಇಡುತ್ತಿದ್ದರು. ತಲೆಗೆ ಹಾಕಿದ ಬಟ್ಟೆಯ ಟೋಪಿಯ ಮೇಲೆ ಸುರುಳಿಯ ಜಾಗವನ್ನು ಗುರುತು ಮಾಡಿ, ಪ್ರತಿದಿನ ಸರಿಯಾಗಿ ಅಲ್ಲಿಯೇ ಇರಿಸುತ್ತಿದ್ದರು. ಕಿವಿಗೆ ಬಿರಡೆ ಕೊಟ್ಟಿದ್ದರೂ ಮರಕುಟಿಗ ಕುಟ್ಟಿದಂತಹ ಸದ್ದು ಕೇಳುತ್ತದೆ: ಸೆಕೆಂಡಿಗೆ 10ರಂತೆ 10 ಸೆಕೆಂಡು, ಮತ್ತೆ 20 ಸೆಕೆಂಡು ಬಿಡುವು, ಹೀಗೆ 30 ಸುತ್ತು. 15 ನಿಮಿಷದಲ್ಲಿ 3000 ಮಿಡಿತ ಮುಗಿಯುತ್ತದೆ. ಮೊದಲೆರಡು ದಿನ ಸಂಜೆ ತಲೆ ಭಾರವಾಗುತ್ತಿತ್ತು, ಬೇರೆ ತೊಂದರೆಯಾಗಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಗಾಳಿ ಸೋಕಿದರೆ ನರಳುವವರು ಬಂದು ಕೂರುವ ಕೋಣೆಯಲ್ಲಿ, ಎಸಿಯ ತಣ್ಣನೆಯ ಗಾಳಿ ನೇರವಾಗಿ ಕುರ್ಚಿಗಳ ಮೇಲೆಯೇ ಬೀಳುತ್ತಿತ್ತು. ಎರಡು ಸಲ ಹೇಳಿದ ಮೇಲೆ ನನ್ನ ಕುರ್ಚಿಯೊಂದನ್ನು ಮೂಲೆಗೆ ಸರಿಸಿದರು. ಉಳಿದವರು ಅಲ್ಲಿಯೇ ಕುಳಿತಿದ್ದರು. ಇದಕ್ಕಿಂತ ದೊಡ್ಡ ದೂರು ಹಣದ ಕೌಂಟರಿನದು. 10 ದಿನಗಳ ಶುಲ್ಕವನ್ನೂ ಒಟ್ಟಿಗೆ ಮುಂಗಡವಾಗಿ ಕಟ್ಟಿಸಿಕೊಳ್ಳುವಾಗ ಅಲ್ಲಿನವರು "ಹತ್ತು ದಿನಕ್ಕೆ ವಾಸಿಯಾಗುತ್ತೆ" ಎಂದರು. ಇದು ನೋವನ್ನು ತಗ್ಗಿಸುವ ಚಿಕಿತ್ಸೆಯೇ ಹೊರತು ವಾಸಿಮಾಡುವ ಚಿಕಿತ್ಸೆಯಲ್ಲ, ಪರಿಣಾಮ ಉಳಿಯಬೇಕಾದರೆ ಮತ್ತೆ ಮತ್ತೆ ಬರಬೇಕಾಗಬಹುದು ಎಂಬುದನ್ನು ವೈದ್ಯರು ಹೇಳಿದ್ದು ಎಂಟನೆಯ ದಿನ. ಸಾಲ ಮಾಡಿ ಬರುವವರಿಗೆ ಈ ಮಾತು ಹಣ ಕಟ್ಟುವ ಮೊದಲೇ, ಬರವಣಿಗೆಯಲ್ಲಿ ಸಿಗಬೇಕು.

ಫಲಿತಾಂಶವನ್ನು ನೆನಪಿನಿಂದ ಹೇಳುತ್ತಿಲ್ಲ. ನೋವು ಬಂದಾಗಲೆಲ್ಲ ಪುಸ್ತಕದಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಶುರುವಿನಲ್ಲಿ ದಿನಕ್ಕೆ 20ರ ಆಸುಪಾಸಿನಲ್ಲಿದ್ದ ಗೆರೆಗಳು ನಾಲ್ಕು ದಿನ ಕದಲಲೇ ಇಲ್ಲ. ಆರನೆಯ ದಿನದಿಂದ ಇಳಿದು, ಕೊನೆಗೆ 8ಕ್ಕೆ ಬಂದವು. ಮೂರು ವಾರ ಬಿಟ್ಟಾಗ ಮತ್ತೆ 12ಕ್ಕೆ ಏರಿದವು. ಮಾತ್ರೆಯಿಂದಲೂ ಸ್ವಲ್ಪ ಗುಣವಾಗಿರಬಹುದಾದರೂ, ಅದರ ಪ್ರಮಾಣವನ್ನು ಈ ಅವಧಿಯಲ್ಲಿ ಬದಲಿಸಿರಲಿಲ್ಲ. ಈಗ 15 ದಿನಕ್ಕೊಮ್ಮೆ, ಆಯಾ ದಿನದ ಶುಲ್ಕವನ್ನು ಆಯಾ ದಿನವೇ ಕಟ್ಟುವ ಒಪ್ಪಂದದ ಮೇಲೆ ಅದೇ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಕಳೆದ ಬಾರಿ ಮೂಗುಬೊಟ್ಟನ್ನು ಮನೆಯಲ್ಲಿಯೇ, ಕನ್ನಡಿಯ ಮುಂದೆ ನಿಂತು, ಒಂದೇ ಸಲಕ್ಕೆ ಬಿಚ್ಚಿಟ್ಟು ಹೊರಟೆ.