ಅಡುಗೆಮನೆಯ ಕಪ್ಪು ಗ್ರಾನೈಟ್ ಕಟ್ಟೆ ಹಿಂದಿನ ಗೋಡೆಗೆ ಟೈಲ್ಸ್ ತಗೊಳ್ಳೋರು ಮೊದಲು ಬಾಕ್ಸಿನ ಪಕ್ಕದ ಚೀಟಿ ಓದಿ

ದಾವಣಗೆರೆಯಲ್ಲಿ ಮನೆ ಕಟ್ಟಿಸ್ತಿರೋರು, ಅಡುಗೆಮನೆ ರಿಪೇರಿಗೆ ಕೈಹಾಕಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಅಂಗಡಿ ಹೆಸರು ಬರೆಯಲ್ಲ, ಇನ್‌ಬಾಕ್ಸಲ್ಲಿ ಕೇಳಲೂಬೇಡಿ. ಹೆಸರು ಗೊತ್ತಾದರೂ ಉಪಯೋಗವಿಲ್ಲ, ಯಾಕಂದರೆ ನನಗೆ ಹೇಳಿದ ಮಾತು ಯಾವ ಕೌಂಟರಲ್ಲಿ ಬೇಕಾದರೂ ಕೇಳಿಸುತ್ತೆ: "ಬ್ಲ್ಯಾಕ್ ಗ್ರಾನೈಟಿಗೆ ಯಾವ ಟೈಲ್ಸ್ ಆದ್ರೂ ಒಪ್ತದ್ರಿ ಮೇಡಂ, ಕಣ್ಮುಚ್ಚಿ ತಗಳ್ರಿ."

ಒಪ್ಪಲ್ಲ. ಕಣ್ಣು ಮುಚ್ಚಲೂಬೇಡಿ.

ಕಪ್ಪು ಕಲ್ಲಲ್ಲೂ ಹತ್ತು ತರ. ನಮ್ಮ ಕಟ್ಟೆಗೆ ಹಾಕಿರೋದು ಬ್ಲ್ಯಾಕ್ ಗ್ಯಾಲಕ್ಸಿ, ಆಂಧ್ರದ ಚೀಮಕುರ್ತಿ ಕಡೆ ತೆಗೆಯೋ ಕಲ್ಲು, ಒಳಗೆ ಹೊಂಬಣ್ಣದ ಚುಕ್ಕಿ ಇರುತ್ತೆ. ಒಲೆ ಹಿಂದಿನ ಗೋಡೆ ಕೆನೆಬಣ್ಣವೋ ಐವರಿಯೋ ಇದ್ದರೆ ಆ ಚುಕ್ಕಿಗೆ ಜೀವ ಬರುತ್ತೆ. ನೀಲಿ ಛಾಯೆಯ ಬಿಳಿ ಹಚ್ಚಿದರೆ ಅದೇ ಚುಕ್ಕಿ ಚೆಲ್ಲಿ ಒರೆಸದೇ ಬಿಟ್ಟ ರವೆ ತರ ಕಾಣುತ್ತೆ. ಸ್ಟೀಲ್ ಗ್ರೇ ಕಲ್ಲಿಗೆ ಇದರ ಉಲ್ಟಾ. ಅದಕ್ಕೆ ತಣ್ಣನೆ ಬಿಳಿ, ತಿಳಿ ಬೂದು ಸರಿ, ಐವರಿ ಹಾಕಿದರೆ ಹೊಸ ಗೋಡೆಯೇ ಹಳದಿಗಟ್ಟಿದ ಹಾಗೆ. ಟ್ಯಾನ್ ಬ್ರೌನ್‌ನಲ್ಲಿ ಕಲ್ಲೇ ತುಂಬ ಕಂದು ಮಚ್ಚೆ, ಅದರ ಹಿಂದೆ ಹೂವಿನ ಡಿಸೈನು, ಕಾಫಿ ಲೋಟದ ಚಿತ್ರದ ಹೈಲೈಟರ್ (ನಡುನಡುವೆ ಹಾಕೋ ಅಲಂಕಾರದ ಟೈಲು) ಹಾಕಿದರೆ ಎರಡೂ ಕಿತ್ತಾಡ್ತವೆ. ಚುಕ್ಕಿಯೇ ಇಲ್ಲದ ಜೆಟ್ ಬ್ಲ್ಯಾಕ್ ಆದರೆ ಮಾತ್ರ ಡಿಸೈನ್ ಟೈಲ್ಸ್ ತಡ್ಕೊಳ್ಳುತ್ತೆ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ಪಾಲಿಶ್ ಮಾಡಿದ ಕಪ್ಪು ಕಲ್ಲು ಕನ್ನಡಿ ಇದ್ದ ಹಾಗೆ. ಗೋಡೆಯ ಮೊದಲ ಸಾಲು ಟೈಲ್ಸ್ ಕಟ್ಟೆಯೊಳಗೆ ತಲೆಕೆಳಗಾಗಿ ಇನ್ನೊಂದು ಸಲ ಕಾಣುತ್ತೆ. ಗೋಡೆ ಚೆನ್ನಾಗಿದ್ದರೆ ಡಬಲ್ ಚೆನ್ನ. ಗೋಡೆ ಕೆಟ್ಟರೆ? ಡಬಲ್ ಕೆಟ್ಟದು, ದಿನಾ ಬೆಳಗ್ಗೆ ಹಾಲು ಕಾಯಿಸೋವಾಗ ಕಣ್ಣೆದುರಿಗೇ.

ನಾನು ಆರಿಸಿದ್ದು ಸರಿಯಾಗೇ ಇತ್ತು, ಹೊಟ್ಟೆ ಉರಿಯೋದು ಅದಕ್ಕೇ. ಐವರಿ, ಪ್ಲೇನ್, ಗ್ಲಾಸಿ, 12×24. ಗ್ರಾನೈಟಿನ ತುಂಡು ಕೈಯಲ್ಲೇ ಒಯ್ದು ಡಿಸ್‌ಪ್ಲೇ ಬೋರ್ಡಿಗೆ ಹಿಡಿದು ನೋಡಿದ್ದೆ. ಅಂಗಡಿಯಲ್ಲಿ 6500 ಕೆಲ್ವಿನ್‌ನ ಬೆಳ್ಳನೆ ಲೈಟು, ಮನೆಯಲ್ಲಿ 3000ದ ಹಳದಿ ಲೈಟು, ಅದಕ್ಕೇ ಟೈಲನ್ನ ಹೊರಗೆ ಬಿಸಿಲಿಗೂ ತಂದು ನೋಡಿದ್ದೆ. ಇಷ್ಟೆಲ್ಲಾ ಮಾಡಿದ ನಾನು ಬಾಕ್ಸು ನೋಡಲಿಲ್ಲ. ಬಾಕ್ಸು ನೋಡಲಿಲ್ಲ!

ಈಗ ಲೆಕ್ಕ. ನಮ್ಮದು ಎಲ್ ಆಕಾರದ ಕಟ್ಟೆ, ಒಂದು ಗೋಡೆ 10 ಅಡಿ, ಇನ್ನೊಂದು 7 ಅಡಿ, ಮೇಲಿನ ಕಪಾಟಿನವರೆಗೆ ಎತ್ತರ 2 ಅಡಿ. ಒಟ್ಟು 34 ಚದರಡಿ. 12×24 ಅಂತ ಕರೆಯೋ ಟೈಲು ನಿಜಕ್ಕೂ 300×600 ಮಿ.ಮೀ., ಅಂದರೆ 11.8 ಇಂಚು ಮತ್ತು 23.6 ಇಂಚು. ಬಾಕ್ಸಿಗೆ 5 ಟೈಲು, 9.69 ಚದರಡಿ. ಉದ್ದ ಗೋಡೆಯಲ್ಲಿ ಸಾಲಿಗೆ 5 ಟೈಲು ಅಡ್ಡ ಹಚ್ಚಿ, ನಡುವೆ 2 ಮಿ.ಮೀ. ಸ್ಪೇಸರ್ (ಸಂದಿ ಬಿಡೋಕೆ ಇಡೋ ತುಂಡು) ಇಟ್ಟರೂ ಕೊನೆಗೆ ಒಂದೂವರೆ ಇಂಚು ಕಡಿಮೆ ಬೀಳುತ್ತೆ. ಸಣ್ಣ ಗೋಡೆಯಲ್ಲಿ ಸಾಲಿಗೆ 3 ಇಡೀ ಟೈಲು, ಆಮೇಲೆ 12 ಇಂಚಿಗಿಂತ ಜಾಸ್ತಿಯ ತುಂಡು. ಅರ್ಧ ಟೈಲು 11.8 ಇಂಚು ತಾನೇ, ಹಾಗಾಗಿ ಒಂದು ಟೈಲಲ್ಲಿ ಎರಡು ತುಂಡು ಬರಲ್ಲ, ಎರಡೂ ಸಾಲಿಗೆ ಬೇರೆ ಬೇರೆ ಟೈಲೇ ಕುಯ್ಯಬೇಕು. ಕುಯ್ದು ಉಳಿದ ಚೂರಿನಲ್ಲಿ ಉದ್ದ ಗೋಡೆಯ ಒಂದೂವರೆ ಇಂಚಿನ ಪಟ್ಟಿ ಆಗುತ್ತೆ. ಎತ್ತರಕ್ಕೆ ಎರಡು ಸಾಲು, ಎಲ್ಲಾ ಸೇರಿ 10 + 8, ಹದಿನೆಂಟು ಟೈಲು. 4 ಬಾಕ್ಸಲ್ಲಿ ಇಪ್ಪತ್ತು. ಒಡೆದರೆ ಇರಲಿ ಅಂತ ಒಂದು ಸೇರಿಸಿದರೆ 5 ಬಾಕ್ಸ್.

ಅವರು ಕೊಟ್ಟಿದ್ದು 7. "ವೇಸ್ಟೇಜ್ ಹೋಗ್ತದ್ರಿ, ಉಳಿದ್ರೆ ವಾಪಸ್ ತಗಂಬರ್ರಿ, ನಮ್ ಅಂಗಡಿ ಎಲ್ಲಿಗ್ ಹೋಗ್ತದ?" ಬಾಕ್ಸಿಗೆ ₹520, ಆಟೋ ಬಾಡಿಗೆ ಬೇರೆ. ಅಂಗಡಿಯವರು ಬರೆದುಕೊಟ್ಟ ಚೀಟಿಯಲ್ಲಿ ಕೈಬರಹ: 12×24 ಐವರಿ, 7. ಅಷ್ಟೇ. ಬಣ್ಣದ ಛಾಯೆ ತಿಳಿಸೋ ಶೇಡ್ ನಂಬರ್ ಇಲ್ಲ, ಬ್ಯಾಚ್ ಇಲ್ಲ, ಅಂಗಡಿ ಸೀಲೂ ಇಲ್ಲ. ಎಸ್ಟಿಮೇಟ್ ಅಂತ ಮೇಲೆ ಅಚ್ಚಾಗಿತ್ತು, ನಾನು ಅದನ್ನೇ ಬಿಲ್ಲು ಅಂದ್ಕೊಂಡೆ.

ಹಚ್ಚಿದ ದಿನ ಸಂಜೆ ಲೈಟ್ ಹಾಕಿದಾಗ ಗೊತ್ತಾಯ್ತು. ಉದ್ದ ಗೋಡೆ ಐವರಿ, ಸಣ್ಣ ಗೋಡೆ ನೀಲಿ ಬಿಳಿ. ಮೂಲೆಯಲ್ಲಿ ಎರಡೂ ಸೇರೋ ಕಡೆ ಗೀಟು ಎಳೆದ ಹಾಗೆ. ಉದ್ದ ಗೋಡೆಯ ಆ ತುದಿಗೆ, ಫ್ರಿಜ್ ಪಕ್ಕ, ಮೇಸ್ತ್ರಿ ಹಚ್ಚಿದ ಒಂದೂವರೆ ಇಂಚಿನ ಪಟ್ಟಿಯೂ ನೀಲಿ ಬಿಳಿ! ಐವರಿ ಗೋಡೆಗೆ ಬ್ಯಾಂಡೇಜ್ ಸುತ್ತಿದ ಹಾಗೆ. ಅದೆಲ್ಲದರ ನೆರಳು ಕೆಳಗೆ ಕಪ್ಪು ಕಲ್ಲಲ್ಲಿ ಮತ್ತೊಂದು ಸಲ.

ಅಂಗಡಿಗೆ ಫೋಟೋ ಕಳಿಸಿದೆ. ಮೊದಲ ಉತ್ತರ: "ಮೊಬೈಲ್ ಕ್ಯಾಮೆರಾದಾಗ ಹಂಗ ಕಾಣ್ತದ್ರಿ ಮೇಡಂ."

ಕಣ್ಣಿಗೂ ಹಾಗೇ ಕಾಣ್ತಿದೆ ಅಂದೆ. ಆಗ ಬಂತು ನೋಡಿ ನನ್ನ ಬೀಳಿಸಿದ ಉತ್ತರ: "ಗೋಡೆ ಹಸಿ ಐತ್ರಿ. ಟೈಲ್ಸ್ ನೀರು ಕುಡ್ದಿರ್ತದೆ. ಹದಿನೈದು ದಿನ ಬಿಡ್ರಿ, ಒಣಗಿದ್ ಮೇಲೆ ಎರಡೂ ಒಂದೇ ಆಗ್ತವೆ."

ಇದು ಪೂರ್ತಿ ಸುಳ್ಳಾಗಿದ್ದರೆ ನಂಬುತ್ತಿರಲಿಲ್ಲ. ಅರ್ಧ ನಿಜ ಇದೆ. ಗೋಡೆಗೆ ಹಚ್ಚೋ ಸೆರಾಮಿಕ್ ಟೈಲು ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀರು ಹೀರುತ್ತೆ, ನೆಲದ ವಿಟ್ರಿಫೈಡ್ ಟೈಲಿನ ಹಾಗಲ್ಲ, ಅದು ಅರ್ಧ ಪರ್ಸೆಂಟೂ ಹೀರಲ್ಲ. ಅದಕ್ಕೇ ಸಿಮೆಂಟಲ್ಲಿ ಹಚ್ಚೋದಾದರೆ ಗೋಡೆ ಟೈಲನ್ನ ಮೊದಲು ನೀರಲ್ಲಿ ನೆನೆಹಾಕ್ತಾರೆ. ಮೇಲಿನ ಗ್ಲೇಜ್, ಅಂದರೆ ಗಾಜಿನಂಥ ಪದರ, ತೆಳು ಇದ್ದರೆ ಒಳಗಿನ ಹಸಿ ಹೊರಗೆ ಮಬ್ಬಾಗಿ ಕಾಣುತ್ತೆ, ಒಣಗಿದಾಗ ಹೋಗುತ್ತೆ. ಎಲ್ಲಾ ಸರಿ. ಆದರೆ ಹಸಿಯ ಮಬ್ಬು ಮೋಡದ ಹಾಗೆ, ಒಂದು ಟೈಲಿನ ಅಂಚಲ್ಲಿ, ಇನ್ನೊಂದರ ನಡುವೆ, ದಿನದಿಂದ ದಿನಕ್ಕೆ ಜಾಗ ಬದಲಾಯಿಸುತ್ತೆ. ಇಡೀ ಟೈಲು ಒಂದೇ ಸಮ ಬೇರೆ ಬಣ್ಣ ಇದ್ದು, ಬಣ್ಣ ಬದಲಾಗೋದು ಸರಿಯಾಗಿ ಜಾಯಿಂಟಿನಲ್ಲೇ ಅಂದರೆ ಅದು ಶೇಡ್. ಪರೀಕ್ಷೆ ಮಾಡೋದು ಐದು ನಿಮಿಷದ ಕೆಲಸ: ಹಚ್ಚದೇ ಇರೋ ಒಣ ಟೈಲು ಎರಡೂ ಬಾಕ್ಸಿನಿಂದ ಒಂದೊಂದು ತೆಗೆದು ಬಾಗಿಲ ಬೆಳಕಲ್ಲಿ ಪಕ್ಕಪಕ್ಕ ಇಡೋದು. ಆ ಐದು ನಿಮಿಷದ ಕೆಲಸ ನಾನು ಮಾಡಿದ್ದು ಹದಿನಾರನೇ ದಿನ.

ಟೈಲು ತೆಗೆಯೋಕೆ ಹೋದಾಗ ಬಾಕ್ಸಿನ ಪಕ್ಕದ ಚೀಟಿ ಕಣ್ಣಿಗೆ ಬಿತ್ತು. ಡಿಸೈನ್ ಹೆಸರು ಒಂದೇ, ಗ್ರೇಡ್ ಒಂದೇ. ನಾಲ್ಕು ಬಾಕ್ಸಲ್ಲಿ ಶೇಡ್ 2, ಮೂರು ಬಾಕ್ಸಲ್ಲಿ ಶೇಡ್ 5. ಗೂಡೌನಲ್ಲಿ ಒಂದು ಲಾಟ್ ನಾಲ್ಕಕ್ಕೇ ಮುಗಿದಿದೆ, ಇನ್ನೊಂದು ಲಾಟಿಂದ ಮೂರು ಎತ್ತಿ ಹಾಕಿದ್ದಾರೆ. ಟೈಲು ಸುಡೋ ಪ್ರತಿ ಸಲ ಗೂಡಿನಲ್ಲಿ ಬಣ್ಣ ಚೂರು ಆಚೀಚೆ ಆಗೋದು ಸಹಜ, ಆ ವ್ಯತ್ಯಾಸ ತಿಳಿಸೋಕೇ ಫ್ಯಾಕ್ಟರಿಯವರು ಶೇಡ್ ನಂಬರ್ ಹಾಕೋದು. ನಮ್ಮ ಕಡೆ ಬರೋ ಗೋಡೆ ಟೈಲ್ಸ್ ಹೆಚ್ಚಿನವು ಗುಜರಾತಿನ ಮೋರ್ಬಿಯವು, ಒಂದು ಲಾಟ್ ಮುಗಿದರೆ ಅದೇ ಶೇಡ್ ತರಿಸ್ತೀವಿ ಅನ್ನೋದು ಬರೀ ಬಾಯಿಮಾತು.

ಲೆಕ್ಕ ನೆನಪಿದೆಯಲ್ಲ? ಬೇಕಾಗಿದ್ದು 18 ಟೈಲು. ಶೇಡ್ 2ರ ನಾಲ್ಕು ಬಾಕ್ಸಲ್ಲೇ 20 ಇತ್ತು. ಏಳು ಬಾಕ್ಸ್ ತಲೆಗೆ ಕಟ್ಟದೇ ಇದ್ದಿದ್ದರೆ ಗೋಡೆ ಒಂದೇ ಬಣ್ಣ ಇರ್ತಿತ್ತು! ಮೇಸ್ತ್ರಿ ಪಾಪ ಕೈಗೆ ಸಿಕ್ಕ ನಾಲ್ಕು ಬಾಕ್ಸ್ ಬಿಚ್ಚಿದ್ದಾರೆ, ಎರಡು ಇದರದ್ದು, ಎರಡು ಅದರದ್ದು. ಪಾಪ ಅಂದೆ, ಆದರೂ ಟೈಲ್ಸ್ ಮೇಸ್ತ್ರಿಗೆ ಚೀಟಿ ನೋಡೋ ಅಭ್ಯಾಸ ಇರಬೇಕಿತ್ತು.

ಮಾಲೀಕರಿಗೇ ಫೋನ್ ಮಾಡಿದೆ.

"ಬಿಚ್ಚೋಕೆ ಮುಂಚೆ ನೋಡ್ಬೇಕಿತ್ರಿ. ಹಚ್ಚಿದ್ ಮೇಲೆ ನಮ್ದಲ್ಲ, ಬಾಕ್ಸ್ ಮೇಲೇ ಬರ್ದೈತಿ."

ಹದಿನೈದು ದಿನ ಕಾಯಿರಿ ಅಂದಿದ್ದು ನಿಮ್ಮ ಹುಡುಗನೇ ಅಲ್ವಾ ಅಂದೆ.

"ಅವ್ನು ಹೊಸಬ್ರಿ. ಹೋಗ್ಲಿ ಬಿಡ್ರಿ ಮೇಡಂ, ಬ್ಲ್ಯಾಕ್ ಗ್ರಾನೈಟಿಗೆ ಎರಡೂ ಒಪ್ತವೆ. ಡಬಲ್ ಶೇಡ್ ಈಗ ಫ್ಯಾಷನ್ನು."

ಫ್ಯಾಷನ್ನಂತೆ. ಒಂದೂವರೆ ಇಂಚಿನ ಪಟ್ಟಿಯೂ ಫ್ಯಾಷನ್ನೇ ಇರಬೇಕು.

ನೀವು ಮಾಡಬೇಕಾದ್ದು ಇಷ್ಟೇ. ಬಿಲ್ಲಲ್ಲಿ ಶೇಡ್ ನಂಬರ್ ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಆಟೋದಿಂದ ಇಳಿಸೋವಾಗಲೇ ಒಂದೊಂದು ಬಾಕ್ಸಿನ ಚೀಟಿ ಫೋಟೋ ಹೊಡೀರಿ, ನಂಬರ್ ಬೇರೆ ಇದ್ದರೆ ಇಳಿಸಲೇಬೇಡಿ. ಎಸ್ಟಿಮೇಟ್ ಚೀಟಿ ಒಪ್ಪಬೇಡಿ, ಜಿಎಸ್‌ಟಿ ಬಿಲ್ಲು ಕೇಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾದರೂ ಕೈಯಲ್ಲಿ ಕಾಗದ ಇರಬೇಕು, ನನ್ನ ಹತ್ತಿರ ಇರಲಿಲ್ಲ.

ಕೌಂಟರಲ್ಲಿ ಇನ್ನೂ ಎರಡು ಬಣ್ಣದ ಮಾತು ಬರ್ತವೆ, ಅದನ್ನೂ ಹೇಳಿಬಿಡ್ತೀನಿ. "ಕಪ್ಪಿಗೆ ಕಪ್ಪೇ ಹಾಕ್ರಿ, ರಿಚ್ ಕಾಣ್ತದೆ" ಅಂತ ಗ್ಲಾಸಿ ಕಪ್ಪು ಮೊಸಾಯಿಕ್ ತೋರಿಸ್ತಾರೆ. ಚಿತ್ರದುರ್ಗ ಕಡೆಯ ಬೋರ್ ನೀರಿನವರಂತೂ ಅದರ ತಂಟೆಗೇ ಹೋಗಬೇಡಿ. ಗಡಸು ನೀರು ಒಣಗಿದ ಕಡೆಯಲ್ಲೆಲ್ಲಾ ಉಪ್ಪಿನ ಕಲೆ, ಕಟ್ಟೆ ಒರೆಸೋದೇ ಸಾಕಾಗಿರುತ್ತೆ, ಗೋಡೆಯನ್ನೂ ಒರೆಸ್ತಾ ಕೂರಬೇಕು. ಆಮೇಲೆ ಸಬ್‌ವೇ ಅನ್ನೋ 3×6 ಇಂಚಿನ ಸಣ್ಣ ಟೈಲು. ನೋಡೋಕೆ ಚಂದ, ಸುಳ್ಳು ಹೇಳಲ್ಲ. ಆದರೆ ಚದರಡಿಗೆ 8 ಟೈಲು, 6 ಅಡಿ ಉದ್ದದ ಜಾಯಿಂಟು. 12×24ರಲ್ಲಿ ಅದು ಒಂದೂವರೆ ಅಡಿ. ನಮ್ಮ 34 ಚದರಡಿಗೆ 204 ಅಡಿ ಜಾಯಿಂಟಿಗೂ 51 ಅಡಿಗೂ ಇರೋ ವ್ಯತ್ಯಾಸ ವಾರಕ್ಕೊಮ್ಮೆ ಮಿರ್ಚಿ ಕರಿಯೋ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಅರಿಶಿನ ಎಣ್ಣೆ ಕುಡಿದು ಹಳದಿಯಾಗುತ್ತೆ. ಒಲೆ ಹಿಂದೆ ಸಂದಿ ತುಂಬೋಕೆ ಎಪಾಕ್ಸಿ ಗ್ರೌಟೇ ಹಾಕಿಸಿ, ಗಟ್ಟಿಯಾಗೋಕೆ ಮುಂಚೆ ಟೈಲಿನ ಮೇಲಿಂದ ಒರೆಸಿಸಿ, ಇಲ್ಲಾಂದರೆ ಪೊರೆ ಕೂತುಬಿಡುತ್ತೆ. ಕಲ್ಲು ಮತ್ತು ಟೈಲು ಕೂಡೋ ಸಂದಿಗೆ ಸಿಲಿಕೋನ್ ಅಂಟು. ಕೊನೆಗೆ ಮೇಸ್ತ್ರಿ ಆಸಿಡ್ ಬಾಟ್ಲಿ ತೆಗೆದರೆ ಕೈ ಹಿಡೀರಿ. ಅಂಗಡಿಯವರು ಬ್ಲ್ಯಾಕ್ ಗ್ರಾನೈಟ್ ಅನ್ನೋ ಕಲ್ಲುಗಳಲ್ಲಿ ಬಹಳಷ್ಟು ನಿಜವಾದ ಗ್ರಾನೈಟೇ ಅಲ್ಲ, ಗ್ಯಾಬ್ರೋ, ಡಾಲರೈಟ್ ಜಾತಿ, ಆಸಿಡ್ ಬಿದ್ದರೆ ಹೊಳಪು ಹೋಗಿ ಮಬ್ಬು ಕಲೆ ಉಳಿಯಬಹುದು.

ಈಗ ಸಣ್ಣ ಗೋಡೆಯ 8 ಟೈಲು, ಆ ಎರಡು ಪಟ್ಟಿ ಕೀಳಿಸ್ತಿದ್ದೀನಿ. ಶೇಡ್ 2ರ ಎರಡು ಬಾಕ್ಸ್ ಬಿಚ್ಚದೇ ಇತ್ತಲ್ಲ, ಹತ್ತು ಟೈಲು, ಸರಿಹೋಗುತ್ತೆ. ಕೀಳೋವಾಗ ಕಟ್ಟೆ ಮೇಲೆ ರಟ್ಟು, ಅದರ ಮೇಲೆ ಗೋಣಿಚೀಲ ಹಾಸಿ. ಮೊದಲು ಜಾಯಿಂಟಿಗೆ ಕಟರ್ ಬಿಡಿಸಿ, ಮೇಲಿನ ಸಾಲಿಂದ ಶುರು ಮಾಡಿಸಿ. ಕೆಳಗಿನ ಸಾಲಿಗೆ ಮೊದಲೇ ಉಳಿ ಇಟ್ಟು ಮೀಟಿದರೆ ಕಲ್ಲಿನ ಹಿಂದಿನ ಅಂಚು ಎಗರುತ್ತೆ. ಹಳೇ ಸಿಮೆಂಟ್ ಪೂರ್ತಿ ಕೆರೆಸಿ. ಈ ಸಲ ನಾಲ್ಕು ಮುದ್ದೆ ಇಟ್ಟು ಅಂಟಿಸೋಕೆ ಬಿಟ್ಟಿಲ್ಲ, ಟೈಲಿನ ಹಿಂದೆ ಪೂರ್ತಿ ಅಡ್ಹೆಸಿವ್, ನಾಣ್ಯದಿಂದ ತಟ್ಟಿದರೆ ಎಲ್ಲೂ ಟೊಳ್ಳು ಸದ್ದು ಬರಬಾರದು ಅಂತ ಹೇಳಿದ್ದೀನಿ.

ಶೇಡ್ 5ರ ಒಂದು ಬಾಕ್ಸ್ ಸೀಲೂ ಬಿಚ್ಚದೇ ಉಳಿದಿದೆ. ಉಳಿದರೆ ವಾಪಸ್ ತಗೋತೀವಿ ಅಂದಿದ್ದರಲ್ಲ, ನಿನ್ನೆ ಫೋನ್ ಮಾಡಿ ಕೇಳಿದೆ. ಒಪ್ಪಿಕೊಂಡ್ರು.

"ತಗಂಬರ್ರಿ ಮೇಡಂ. ಬರೋವಾಗ ಬಿಲ್ ಮರೀಬ್ಯಾಡ್ರಿ."