ರೈಲು ಟೂರಿಗೆ ಎರಡು ಸ್ಟಾರ್, ರೈಲ್ವೆ ಮ್ಯೂಸಿಯಂಗೆ ಐದು

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಮೈಸೂರಿನಲ್ಲಿ ಒಂದು 'ಹಳೇ ರೈಲು' ಟೂರಿಗೆ ಹೋಗಿದ್ದೆ. ಹೆಸರು ಬರೆಯುವುದಿಲ್ಲ, ಫೋನಿನಲ್ಲಿ ಬುಕ್ ಮಾಡುವಂಥದ್ದು. ತಲೆಗೆ 600 ರೂಪಾಯಿ, ಗೈಡ್ ಮತ್ತು ತಿಂಡಿ ಸೇರಿ. ಒಂಬತ್ತಕ್ಕೆ ಸ್ಟೇಷನ್ ಮುಂದೆ ಬನ್ನಿ ಅಂದಿದ್ದರು, ನಾವು ಮಂಡ್ಯದಿಂದ ರೈಲು ಹಿಡಿದು ಎಂಟೂವರೆಗೇ ನಿಂತಿದ್ದೆವು, ಗೈಡ್ ಬಂದಿದ್ದು ಹತ್ತಕ್ಕೆ.

ಬಂದವನೇ ಶುರು ಮಾಡಿದ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1825ರಲ್ಲಿ, ಇಂಗ್ಲೆಂಡಿನ ಸ್ಟಾಕ್‌ಟನ್–ಡಾರ್ಲಿಂಗ್ಟನ್ ಉಗಿಬಂಡಿ ಓಪನಿಂಗ್ ಹೀಗಾಯ್ತು, ಹಾಗಾಯ್ತು ಅಂತ. ಸ್ವಾಮಿ, 1825ರಲ್ಲಿ ಆಕೆ ಆರು ವರ್ಷದ ಮಗು! ಪಟ್ಟಕ್ಕೆ ಬಂದಿದ್ದು 1837ರಲ್ಲಿ, ಮೊದಲ ಸಲ ರೈಲು ಹತ್ತಿದ್ದು 1842ರಲ್ಲಿ. ಹೋಗಲಿ ಅಂತ ಸುಮ್ನಿದ್ದೆ. ಆಮೇಲೆ 1853ಕ್ಕೆ ಹಾರಿದ. ಭಾರತದ ಮೊದಲ ಪ್ರಯಾಣಿಕರ ರೈಲು, ಮುಂಬೈನ ಬೋರಿಬಂದರ್‌ನಿಂದ ಠಾಣೆಗೆ 34 ಕಿಲೋಮೀಟರ್, 14 ಬೋಗಿ, ಎಳೆದಿದ್ದು ಮೂರು ಇಂಜಿನ್. ಇದು ಸರಿಯೇ, ಚೆನ್ನಾಗೇ ಹೇಳಿದ. ಆದರೆ ಅಲ್ಲಿಗೆ ಕತೆ ಮುಗೀತು.

ನಮ್ಮ ಊರಿನ ರೈಲು ಎಲ್ಲಪ್ಪಾ? ನಾವು ನಿಂತಿದ್ದು ಮೈಸೂರು ಸ್ಟೇಷನ್ ಮುಂದೆ ಅಲ್ವಾ? ಬೆಂಗಳೂರಿನಿಂದ ಮೈಸೂರಿಗೆ ಹಳಿ ಬಂದು ಮುಟ್ಟಿದ್ದು 1882ರಲ್ಲಿ, ಅದೂ ವಿಕ್ಟೋರಿಯಾ ಕಾಲವೇ. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷರು ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಿದ್ದರು. 1876–78ರ ಭೀಕರ ಬರಗಾಲದಲ್ಲಿ ಹೊಟ್ಟೆಗಿಲ್ಲದ ಜನ ಕೂಲಿಗೆ ಮಣ್ಣು ಹೊತ್ತು ಹಾಕಿದ ದಾರಿ ಇದು. ಕೇಳಿದರೆ ಗೈಡ್ 'ಅದು ನಮ್ಮ ಸ್ಕ್ರಿಪ್ಟ್‌ನಲ್ಲಿಲ್ಲ ಸರ್' ಅಂದ.

ತಿಂಡಿ ಅಂತ ಕೊಟ್ಟಿದ್ದು ಮದ್ದೂರು ವಡೆ. ಮುರಿದರೆ ಸದ್ದೇ ಇಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಚಪಾತಿ ಥರ ಬಾಗುತ್ತಿತ್ತು. ರೈಲು ಪ್ರಯಾಣಿಕರಿಗೆ ಅಂತಲೇ ಮದ್ದೂರು ಸ್ಟೇಷನ್‌ನಲ್ಲಿ ಹುಟ್ಟಿದ ತಿಂಡಿ, ಮಂಡ್ಯದವರ ಕೈಗೆ ಇಂಥದ್ದನ್ನು ಕೊಡಬಾರದು.

ದಿನ ಉಳಿಸಿದ್ದು ಮ್ಯೂಸಿಯಂ. ಕೆಆರ್‌ಎಸ್ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರಿಗೆ, 1979ರಲ್ಲಿ ಶುರುವಾಗಿದ್ದು. ಬಯಲಲ್ಲೇ ಇಂಜಿನ್‌ಗಳು ನಿಂತಿವೆ. ಒಂದರ ಚಕ್ರದ ಪಕ್ಕ ನಿಂತ ಅಮ್ಮ, ಬಣ್ಣದ ಅಡಿಯಲ್ಲಿ ಉಬ್ಬಿದ್ದ ರಿವೆಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದರು. "ಇಂಥದ್ರಲ್ಲೇ ಕನಪ್ಪ ನಾವು ದಸ್ರಾಕ್ಕೆ ಬತ್ತಿದ್ದಿದ್ದು. ಕಿಟ್ಕಿ ತಾವ್ ಕುಂತ್ರೆ ಕಣ್ಗೆ ಇದ್ಲು ಕಿಡಿ ಬೀಳೋದು, ನಿಮ್ಮಜ್ಜಿ ಸೆರಗ್ನ ತುದಿ ಸುತ್ತಿ, ಊದಿ ಬಿಸಿ ಮಾಡಿ ಒತ್ತೋರು." ಆಗ ಎರಡು ಹಳಿಗಳ ನಡುವಿನ ಅಗಲ ಬರೀ ಒಂದು ಮೀಟರ್, ಈಗ ನಾವು ಓಡಾಡುವುದು 1.676 ಮೀಟರಿನ ಹಳಿ ಮೇಲೆ. ಗೈಡ್ ಅಷ್ಟೊತ್ತಿಗೆ ನೆರಳಲ್ಲಿ ಫೋನ್ ನೋಡುತ್ತಿದ್ದ, ನಮ್ಮ ಗುಂಪಿನ ಇನ್ನಿಬ್ಬರು ಅಮ್ಮನ ಹಿಂದೆ ಬಂದು ನಿಂತಿದ್ದರು.

ಮಹಾರಾಣಿ ಸಲೂನ್ ತಪ್ಪದೇ ನೋಡಿ. 1899ರ ಬೋಗಿ, ಅಡುಗೆಮನೆ, ಊಟದ ಕೋಣೆ ಎಲ್ಲಾ ಅದರಲ್ಲೇ. ರೈಲು ಚಕ್ರ ಹಾಕಿದ ಆಸ್ಟಿನ್ ಕಾರು ಕೂಡ ಇದೆ, ಮಕ್ಕಳು ಅಲ್ಲಿಂದ ಕದಲಲಿಲ್ಲ.

ನನ್ನ ಮಾತು ಕೇಳಿದರೆ ಟೂರ್ ಬೇಡ. ಸ್ಟೇಷನ್‌ನಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದು, ಮನೆಯಲ್ಲಿ ಉಗಿಬಂಡಿ ಹತ್ತಿದವರು ಇದ್ದರೆ ಕರೆದುಕೊಂಡು ಹೋಗಿ, ಬೇರೆ ಗೈಡ್ ಯಾಕೆ? ತಡವಾಗಿದ್ದಕ್ಕೆ ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಟೂರಿನವರಿಗೆ ವಾಟ್ಸಾಪ್ ಮಾಡಿ ನಾಲ್ಕು ದಿನ ಆಯ್ತು. ನೀಲಿ ಟಿಕ್ ಬಂದಿದೆ.